ತಾಲ್ಲೂಕಿಗೊಂದು ಟೇಬಲ್ ಬೇಕೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರ ಜಮೀನು, ಬೆಳೆ, ಸಾಲದ ವಿವರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಿಮ್ಮ ಪಾಲಿಗೆ ಬಂತೆನ್ನಿ. ನೀವು ಸಹಕಾರ ಸಂಘದ ಕಾರ್ಯದರ್ಶಿ ಇರಬಹುದು, ರೈತ ಉತ್ಪಾದಕರ ಕಂಪನಿಯಲ್ಲಿ ಲೆಕ್ಕ ಬರೆಯುವವರಿರಬಹುದು, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿ ಇರಬಹುದು. ಕೈ ತಾನಾಗಿ ಹೋಗುವುದು ಎಕ್ಸೆಲ್ ಕಡೆಗೆ. ಕೆಳಗೆ ನಾಲ್ಕು ಶೀಟು, ನಾಲ್ಕಕ್ಕೂ ನಾಲ್ಕು ಊರಿನ ಹೆಸರು. ಮುಂದೆ ಅದೇ ಫೈಲನ್ನು ಡೇಟಾಬೇಸಿಗೆ ಸಾಗಿಸುವ ದಿನ ಬಂದಾಗ ನಾಲ್ಕು ಶೀಟು ನಾಲ್ಕು ಟೇಬಲ್ ಆಗುತ್ತವೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಆಗಿಹೋದದ್ದು. ಆಮೇಲೆ ವರ್ಷಗಟ್ಟಲೆ ಅದರ ಜೊತೆ ಏಗಬೇಕು.

ಟೇಬಲ್ ಒಂದಿರಬೇಕೋ ಹಲವಿರಬೇಕೋ ಎಂದು ಯೋಚಿಸುವವರು ಸಾಮಾನ್ಯವಾಗಿ ಎಷ್ಟು ಸಾಲುಗಳಾಗುತ್ತವೆ, ಎಷ್ಟು ವೇಗ ಬೇಕು ಎಂದು ಲೆಕ್ಕ ಹಾಕತೊಡಗುತ್ತಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಟೇಬಲಿನ ಒಂದು ಸಾಲು ಏನನ್ನು ಹೇಳುತ್ತದೆ? 'ಇಂಥ ಊರಿನ ಇಂಥ ಸರ್ವೆ ನಂಬರಿನ ಜಮೀನು ಇಷ್ಟು ವಿಸ್ತೀರ್ಣದ್ದು' ಎಂದು ಹಾಸನದ ಟೇಬಲಿನ ಸಾಲು ಹೇಳುತ್ತದೆ. ಅರಕಲಗೂಡಿನದೂ ಅದನ್ನೇ ಹೇಳುತ್ತದೆ. ಒಂದೇ ಬಗೆಯ ಮಾತು ಹೇಳುವ ಸಾಲುಗಳೆಲ್ಲ ಒಂದೇ ಟೇಬಲಿನಲ್ಲಿರಬೇಕು. ತಾಲ್ಲೂಕು ಅದರೊಳಗಿನ ಒಂದು ಕಾಲಂ ಅಷ್ಟೆ. ಬೇರೆ ಬಗೆಯ ಮಾತು ಹೇಳುವ ಸಾಲುಗಳಿಗೆ ಬೇರೆ ಟೇಬಲ್. ಕೇಳಲು ಸರಳವಾಗಿದೆ, ಆದರೆ ಪಹಣಿಯಂಥ ಒಂದು ಹಾಳೆಯನ್ನು ಎದುರಿಗಿಟ್ಟುಕೊಂಡು ಈ ನಿಯಮವನ್ನು ಅನ್ವಯಿಸಹೊರಟರೆ ಸಂಜೆಯಾಗುತ್ತದೆ.

ನಾಲ್ಕು ಮಾಡಿದರೆ ಏನಾಗುತ್ತದೆ

ಕಾಗದದ ಕಾಲದಲ್ಲಿ ತಾಲ್ಲೂಕಿಗೊಂದು ಪುಸ್ತಕ ಇಡುವುದೇ ಸರಿಯಾಗಿತ್ತು. ಪುಸ್ತಕ ಒಂದೇ ಕಡೆ ಇರಬಲ್ಲದು, ಅದನ್ನು ಬರೆಯುವವರೂ ನೋಡುವವರೂ ಅದೇ ತಾಲ್ಲೂಕಿನವರು. ಡೇಟಾಬೇಸಿಗೆ ಆ ನಿರ್ಬಂಧವಿಲ್ಲ. ಅಲ್ಲಿ ನಾಲ್ಕು ಟೇಬಲ್ ಮಾಡಿದಾಗ ಆಗುವ ಮೊದಲ ನಷ್ಟವೆಂದರೆ, ತಾಲ್ಲೂಕು ಯಾವುದೆಂಬ ಮಾಹಿತಿ ಟೇಬಲಿನ ಒಳಗಿನಿಂದ ಹೊರಬಿದ್ದು ಟೇಬಲಿನ ಹೆಸರಿಗೆ ಹೋಗಿ ಕೂರುತ್ತದೆ. ಎಸ್‌ಕ್ಯುಎಲ್ ಭಾಷೆ ಸಾಲಿನೊಳಗಿರುವ ಮೌಲ್ಯವನ್ನು ಹುಡುಕುತ್ತದೆ, ಎಣಿಸುತ್ತದೆ, ಗುಂಪು ಮಾಡುತ್ತದೆ. ಟೇಬಲಿನ ಹೆಸರನ್ನು ಹಾಗೆ ಗುಂಪು ಮಾಡಲು ಬರುವುದಿಲ್ಲ. 'ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಆಲೂಗಡ್ಡೆ?' ಎಂಬುದು ಒಂದೇ ಟೇಬಲಿದ್ದರೆ ಎರಡು ಮೂರು ಸಾಲಿನ ಕ್ವೆರಿ. ನಾಲ್ಕಿದ್ದರೆ ಅದೇ ಕ್ವೆರಿಯನ್ನು ನಾಲ್ಕು ಸಲ ಬರೆದು 'ಯೂನಿಯನ್ ಆಲ್' ಹಾಕಿ ಹೊಲಿಯಬೇಕು.

ಜಿಲ್ಲೆಯಲ್ಲಿರುವುದು ನಾಲ್ಕೇ ತಾಲ್ಲೂಕಲ್ಲ. ಅರಸೀಕೆರೆ, ಬೇಲೂರು, ಸಕಲೇಶಪುರ, ಆಲೂರು ಸೇರಿದರೆ ಎಂಟು. ಆ ಕ್ವೆರಿ ಎಂಟು ಪಟ್ಟಾಯಿತು. ನಾಳೆ ಮೊಬೈಲ್ ನಂಬರಿಗೊಂದು ಕಾಲಂ ಸೇರಿಸಬೇಕೆಂದರೆ ಎಂಟು ಕಡೆ ಸೇರಿಸಬೇಕು. ಏಳು ಕಡೆ ಸೇರಿಸಿ ಆಲೂರಿನಲ್ಲಿ ಮರೆತರೆ ಹಾಸನದ ವರದಿ ಸರಿಯಾಗಿ ಬರುತ್ತದೆ, ಆಲೂರಿನದು ಮಾತ್ರ ಕೆಡುತ್ತದೆ. ಪರೀಕ್ಷೆ ಮಾಡಿದವರು ಹಾಸನದ್ದನ್ನಷ್ಟೇ ನೋಡಿರುತ್ತಾರೆ.

ಇವೆಲ್ಲ ತಾಪತ್ರಯಗಳು, ಹೇಗೋ ಸುಧಾರಿಸಿಕೊಂಡು ಹೋಗಬಹುದು. ಸುಧಾರಿಸಿಕೊಳ್ಳಲಾಗದ್ದು ಫಾರಿನ್ ಕೀ. ಈ ಸಾಲ ಯಾವ ಜಮೀನಿನ ಮೇಲಿದೆ ಎಂದು ಸಾಲದ ಟೇಬಲಿನಿಂದ ಜಮೀನಿನ ಟೇಬಲಿಗೆ ಹಾಕುವ ಕೊಂಡಿ ಅದು. ಆ ಜಮೀನು ನಿಜಕ್ಕೂ ದಾಖಲೆಯಲ್ಲಿದೆಯೇ ಎಂದು ಡೇಟಾಬೇಸ್ ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಸಾಲದ ಸಾಲನ್ನು ಒಳಗೇ ಬಿಡುವುದಿಲ್ಲ. ಆದರೆ ಒಂದು ಫಾರಿನ್ ಕೀ ಒಂದೇ ಟೇಬಲಿನತ್ತ ಬೊಟ್ಟು ಮಾಡಬಲ್ಲದು. ಜಮೀನು ನಾಲ್ಕು ಟೇಬಲಿನಲ್ಲಿ ಹಂಚಿಹೋಗಿದ್ದರೆ ಕೊಂಡಿ ಹಾಕುವುದು ಯಾವುದಕ್ಕೆ? ಒಂದೋ ಆ ಪರೀಕ್ಷೆಯನ್ನೇ ಕೈಬಿಡಬೇಕು, ಇಲ್ಲವೇ ಸಾಲಕ್ಕೂ ನಾಲ್ಕು ಟೇಬಲ್, ಬೆಳೆಗೂ ನಾಲ್ಕು, ಮಾಲೀಕರಿಗೂ ನಾಲ್ಕು ಮಾಡಬೇಕು. ನಾಲ್ಕು ವಿಷಯಕ್ಕೆ ಹದಿನಾರು ಟೇಬಲ್, ಇಡೀ ಜಿಲ್ಲೆಗೆ ಮೂವತ್ತೆರಡು. ಅಷ್ಟಾದರೂ ಹೊಳೆನರಸೀಪುರದಲ್ಲಿ ಮನೆ, ಅರಕಲಗೂಡಿನಲ್ಲಿ ಅರ್ಧ ಜಮೀನು ಇರುವ ರೈತ ಎರಡು ಸಲ ಎಣಿಕೆಗೆ ಸಿಗುತ್ತಾನೆ.

ಎಲ್ಲವನ್ನೂ ಒಂದರಲ್ಲಿ ಸೇರಿಸಿದರೆ ಸರ್ವೆ ನಂಬರುಗಳು ಕಲಸಿಹೋಗುವುದಿಲ್ಲವೇ ಎಂಬ ಭಯ ಸಹಜ. ಹೌದು, ಸರ್ವೆ ನಂಬರ್ 42 ಎಂಬುದು ಊರೂರಿನಲ್ಲಿದೆ. ಹೊಸಹಳ್ಳಿ ಎಂಬ ಹೆಸರಿನ ಊರುಗಳಿಗೂ ಕೊರತೆಯಿಲ್ಲ. ಹೋಬಳಿಯನ್ನು ಸೇರಿಸಿದರೆ ಸಾಕೇ ಎಂದರೆ, ಕಸಬಾ ಹೋಬಳಿ ನಾಲ್ಕು ತಾಲ್ಲೂಕಿನಲ್ಲೂ ಇದೆ. ಹಾಗಾಗಿ ಒಂದು ಜಮೀನನ್ನು ಗುರುತಿಸಲು ಒಂದೇ ಸಂಖ್ಯೆ ಸಾಲದು. ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂದು ಒಂದಾದ ಮೇಲೊಂದು ಆಯ್ಕೆ ಮಾಡುತ್ತಾರಲ್ಲ, ಆ ಸರಣಿಯೇ ಜಮೀನಿನ ನಿಜವಾದ ಗುರುತು. ಈ ಏಳನ್ನೂ ಸೇರಿಸಿ 'ಎರಡು ಸಲ ಬರಕೂಡದು' ಎಂಬ ಯುನೀಕ್ ನಿರ್ಬಂಧ ಹಾಕಿದರೆ ಕಲಸಿಹೋಗುವ ಪ್ರಶ್ನೆಯೇ ಬರುವುದಿಲ್ಲ. ಗ್ರಾಮಕ್ಕೊಂದು ಸಂಕೇತ ಸಂಖ್ಯೆ ಇಟ್ಟುಕೊಂಡರೆ ಏಳರಲ್ಲಿ ಮೊದಲ ನಾಲ್ಕು ಅದರೊಳಗೇ ಅಡಗುತ್ತವೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಊರೂರಿಗೂ ಅಂಥ ಸಂಖ್ಯೆ ಇದೆ. ನೀವೇ ಹೊಸದಾಗಿ ಹುಟ್ಟಿಸುವ ಬದಲು ಅದನ್ನೇ ಬಳಸಿ, ಮುಂದೆ ಸರ್ಕಾರದ ಯಾವುದಾದರೂ ಪಟ್ಟಿಯ ಜೊತೆ ತಾಳೆ ನೋಡುವಾಗ ಹಾಡಿ ಹೊಗಳುತ್ತೀರಿ.

ಪಹಣಿ ಒಂದು ಹಾಳೆ, ಒಂದು ಟೇಬಲಲ್ಲ

ತಾಲ್ಲೂಕಿಗೊಂದು ಬೇಡವೆಂದಾಯಿತು. ಹಾಗಾದರೆ ಎಲ್ಲವನ್ನೂ ಒಂದೇ ಟೇಬಲಿಗೆ ತುಂಬೋಣ ಎಂದು ಹೊರಟರೆ ಎದುರು ದಿಕ್ಕಿನ ಹಳ್ಳಕ್ಕೆ ಬೀಳುತ್ತೇವೆ. ಅಗಲವಾದ ಒಂದು ಟೇಬಲ್, ಅದಕ್ಕೆ ಎಪ್ಪತ್ತು ಎಂಬತ್ತು ಕಾಲಂ. ಪಹಣಿಯ ಹಾಳೆಯನ್ನು ನೋಡಿದಾಗ ಹಾಗೆಯೇ ಮಾಡಬೇಕೆನಿಸುತ್ತದೆ, ಏಕೆಂದರೆ ಹಾಳೆಯಲ್ಲಿ ಎಲ್ಲವೂ ಒಟ್ಟಿಗೇ ಕಾಣುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಕಂದಾಯ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರರ ಹೆಸರುಗಳು. ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಅಂದರೆ ಸಾಲದ ಹೊರೆ. ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ.

ಆ ಒಂಬತ್ತನೇ ಕಾಲಂ ನೋಡಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಯಾಗಿ ಮೂವರು ಮಕ್ಕಳ ಹೆಸರು ಜಂಟಿಯಾಗಿ ಬಂದಿರುತ್ತದೆ. ಟೇಬಲಿನಲ್ಲಿ ಇದನ್ನು ಹೇಗಿಡುವುದು? ಮಾಲೀಕ1, ಮಾಲೀಕ2, ಮಾಲೀಕ3 ಎಂದು ಮೂರು ಕಾಲಂ ಮಾಡಬಹುದು. ನಾಲ್ಕನೆಯವಳಾದ ತಂಗಿ ಹಕ್ಕು ಕೇಳಿದ ದಿನ ಟೇಬಲಿನ ರಚನೆಯನ್ನೇ ಬದಲಿಸಬೇಕು. ಒಬ್ಬ ರೈತನ ಹೆಸರು ಹುಡುಕಬೇಕೆಂದರೆ ಮೂರೂ ಕಾಲಂಗಳಲ್ಲಿ ಹುಡುಕಬೇಕು. ಮೂರು ಹೆಸರನ್ನೂ ಒಂದೇ ಕಾಲಂನಲ್ಲಿ ಅಲ್ಪವಿರಾಮ ಹಾಕಿ ತುಂಬುವವರಿದ್ದಾರೆ, ಅದು ಇನ್ನೂ ಕೆಟ್ಟದ್ದು. ಮೂರನೆಯ ದಾರಿ ಮಾಲೀಕರೊಬ್ಬರಿಗೆ ಒಂದು ಸಾಲು. ಅದು ನೋಡಲು ಸರಿಯಾಗಿಯೇ ಇರುತ್ತದೆ, ಅಪಾಯವೂ ಅಲ್ಲಿಯೇ ಇದೆ.

ಒಂದು ಕಲ್ಪಿತ ಜಮೀನು ತೆಗೆದುಕೊಳ್ಳೋಣ. ಹಳೇಕೋಟೆ ಹೋಬಳಿಯ ಯಾವುದೋ ಊರಿನ ಸರ್ವೆ ನಂಬರ್ 57/2, ವಿಸ್ತೀರ್ಣ 2 ಎಕರೆ 20 ಗುಂಟೆ. ಮೂವರು ಜಂಟಿ ಮಾಲೀಕರು. ಮುಂಗಾರಿನಲ್ಲಿ ಜೋಳ, ರಾಗಿ ಎರಡೂ ಹಾಕಿದ್ದಾರೆ. ಕೃಷಿ ಪತ್ತಿನ ಸಂಘದಲ್ಲಿ 1 ಲಕ್ಷ ಸಾಲವಿದೆ. ಎಲ್ಲವನ್ನೂ ಒಂದೇ ಟೇಬಲಿನಲ್ಲಿ ಇಟ್ಟರೆ ಮೂವರು ಮಾಲೀಕರಿಗೆ ಎರಡೆರಡು ಬೆಳೆ ಎಂದು ಆರು ಸಾಲು ಬೇಕಾಗುತ್ತದೆ. ಆರರಲ್ಲೂ ವಿಸ್ತೀರ್ಣ 2 ಎಕರೆ 20 ಗುಂಟೆ, ಸಾಲ 1 ಲಕ್ಷ. ಈಗ ಯಾರೋ ಹೋಬಳಿಯ ಒಟ್ಟು ವಿಸ್ತೀರ್ಣ ಕೂಡಿಸಿದರೆ ಈ ಒಂದು ಜಮೀನು 15 ಎಕರೆ ಎಂದು ಬರುತ್ತದೆ. ಒಟ್ಟು ಸಾಲ 6 ಲಕ್ಷ. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಅದರ ಪ್ರಕಾರ ಕೂಡಿಸಿದ್ದು ಸರಿ. ಬರ ಪರಿಹಾರದ ಪಟ್ಟಿಯೋ ಬೆಳೆ ಸಾಲದ ಮೊತ್ತವೋ ಹೀಗೆ ಉಬ್ಬಿದರೆ ಅದನ್ನು ಮೊದಲು ಪತ್ತೆಹಚ್ಚುವವರು ಆಡಿಟರೇ.

ಒಂದು ಹಾಳೆಯಲ್ಲಿರುವುದು ನಾಲ್ಕು ಬಗೆಯ ಮಾತು ಎಂದು ಆಗ ತಿಳಿಯುತ್ತದೆ. ಜಮೀನಿನ ಬಗ್ಗೆ ಒಂದು, ಅದು ಒಂದೇ ಸಲ ಹೇಳಬೇಕಾದದ್ದು. ವ್ಯಕ್ತಿಯ ಬಗ್ಗೆ ಒಂದು. ಯಾವ ವ್ಯಕ್ತಿಗೆ ಯಾವ ಜಮೀನಿನಲ್ಲಿ ಎಷ್ಟು ಭಾಗ, ಎಂದಿನಿಂದ, ಯಾವ ಎಂಆರ್ (ಮ್ಯುಟೇಷನ್ ರಿಜಿಸ್ಟರ್) ನಂಬರಿನ ಮೂಲಕ ಎಂಬುದು ಮತ್ತೊಂದು. ಯಾವ ಹಂಗಾಮಿನಲ್ಲಿ ಯಾವ ಬೆಳೆ, ಎಷ್ಟು ವಿಸ್ತೀರ್ಣದಲ್ಲಿ ಎಂಬುದು ಇನ್ನೊಂದು. ಸಾಲವನ್ನು ಎಣಿಸಿದರೆ ಐದು. ಜಮೀನು, ವ್ಯಕ್ತಿ, ಹಕ್ಕು, ಬೆಳೆ, ಋಣ: ಐದು ಟೇಬಲ್. ಇಲ್ಲಿ 'ಹಕ್ಕು' ಎಂಬ ಟೇಬಲ್ ಹೊಸಬರಿಗೆ ವಿಚಿತ್ರವೆನಿಸುತ್ತದೆ. ಒಬ್ಬರಿಗೆ ಹಲವು ಜಮೀನು, ಒಂದು ಜಮೀನಿಗೆ ಹಲವು ಮಾಲೀಕರು ಇರುವ ಕಡೆ ನಡುವೆ ಇಂಥದೊಂದು ಟೇಬಲ್ ಇಲ್ಲದೆ ಬೇರೆ ದಾರಿಯಿಲ್ಲ. ಹಕ್ಕಿನ ಪಾಲು, ಬಂದ ದಿನಾಂಕ ಇವು ಜಮೀನಿನ ಗುಣವೂ ಅಲ್ಲ, ವ್ಯಕ್ತಿಯ ಗುಣವೂ ಅಲ್ಲ. ಅವೆರಡರ ನಡುವಿನ ಸಂಬಂಧದ ಗುಣ.

ವಾಸ್ತವವಾಗಿ ಕಂದಾಯ ಇಲಾಖೆಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯಕ್ಕೆ ಆಕಾರಬಂದ್, ಹಕ್ಕು ಬದಲಾವಣೆಗೆ ಮ್ಯುಟೇಷನ್ ರಿಜಿಸ್ಟರ್, ವರ್ಷದ ಸಾಗುವಳಿ ಚಿತ್ರಣಕ್ಕೆ ಪಹಣಿ ಎಂದು ಬೇರೆ ಬೇರೆ ಪುಸ್ತಕಗಳನ್ನು ಇಟ್ಟುಕೊಂಡು, ಸರ್ವೆ ನಂಬರಿನಿಂದ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಕಂಪ್ಯೂಟರಿಗೆ ಇದೇ ವಿಚಾರ ಬಂದದ್ದು ಆಮೇಲೆ. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಇ.ಎಫ್. ಕಾಡ್ 1970ರ ಜೂನಿನಲ್ಲಿ ಪ್ರಕಟಿಸಿದ ಪ್ರಬಂಧ ರಿಲೇಷನಲ್ ಡೇಟಾಬೇಸಿನ ಮೂಲ. ಮುಂದೆ 1985ರಲ್ಲಿ ಅವರು ಪಟ್ಟಿ ಮಾಡಿದ ನಿಯಮಗಳಲ್ಲಿ ಮೊದಲನೆಯದೇ, ಮಾಹಿತಿಯೆಲ್ಲವೂ ಟೇಬಲಿನೊಳಗಿನ ಮೌಲ್ಯಗಳಾಗಿಯೇ ಇರಬೇಕು ಎಂಬುದು. ತಾಲ್ಲೂಕನ್ನು ಟೇಬಲಿನ ಹೆಸರಿಗೆ ಅಂಟಿಸುವುದು ತಪ್ಪೇಕೆ ಎಂಬುದಕ್ಕೂ ಅದೇ ಉತ್ತರ.

ಒಂದೇ ಮಾತನ್ನು ಎಷ್ಟೋ ಕಡೆ ಬರೆದಿಡುವುದರಿಂದ ಆಗುವ ಪೇಚಿಗೆ ಕರ್ನಾಟಕದಲ್ಲಿ ಉದಾಹರಣೆ ಹುಡುಕಬೇಕಿಲ್ಲ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಹಾಸನಕ್ಕೆ ಅಂಟಿಕೊಂಡಿರುವ ನಾಲ್ಕು ಜಿಲ್ಲೆಗಳ ಕೇಂದ್ರಗಳೂ ಅದರಲ್ಲಿದ್ದವು: ಮೈಸೂರು, ತುಮಕೂರು, ಚಿಕ್ಕಮಗಳೂರು, ಮಂಗಳೂರು. ಜಿಲ್ಲೆಯ ಹೆಸರನ್ನು ಪ್ರತಿ ರೈತನ ಸಾಲಿನಲ್ಲೂ ಅಕ್ಷರದಲ್ಲಿ ಬರೆದಿಟ್ಟುಕೊಂಡವರು ಲಕ್ಷಾಂತರ ಸಾಲು ತಿದ್ದಬೇಕಾಯಿತು. ಅರ್ಧ ತಿದ್ದಿ ಬಿಟ್ಟವರ ವರದಿಗಳಲ್ಲಿ ಒಂದೇ ಜಿಲ್ಲೆ ಎರಡು ಸಲ ಬರುತ್ತದೆ. ಜಿಲ್ಲೆಗಳಿಗೆ ಪ್ರತ್ಯೇಕ ಟೇಬಲ್ ಇದ್ದವರಿಗೆ ಹೆಸರೊಂದಕ್ಕೆ ಒಂದು ಸಾಲಿನ ಕೆಲಸ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ರಾಮನಗರ ಜಿಲ್ಲೆ ಬೇರೆಯಾದಾಗಲೂ ಅಷ್ಟೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಜಿಲ್ಲೆ ಬದಲಿಸಿದವು. ತಾಲ್ಲೂಕು ಟೇಬಲಿನಲ್ಲಿ ನಾಲ್ಕು ಸಾಲಿನ ಜಿಲ್ಲಾ ಸಂಕೇತ ಬದಲಿಸಿದರೆ ಮುಗಿಯುವಂಥದ್ದು. ಊರು ಹೋಬಳಿಗೆ, ಹೋಬಳಿ ತಾಲ್ಲೂಕಿಗೆ, ತಾಲ್ಲೂಕು ಜಿಲ್ಲೆಗೆ ಸೇರುವ ಈ ಮೆಟ್ಟಿಲುಗಳಿಗೆ ಪುಟ್ಟ ಪುಟ್ಟ ಟೇಬಲ್ ಇಟ್ಟು, ಜಮೀನಿನ ಸಾಲಿನಲ್ಲಿ ಗ್ರಾಮದ ಸಂಕೇತವನ್ನು ಮಾತ್ರ ಬರೆಯಿರಿ.

ವಿಸ್ತೀರ್ಣದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಟೇಬಲಿನ ಸಂಖ್ಯೆಗೆ ನೇರ ಸಂಬಂಧವಿಲ್ಲದಿದ್ದರೂ ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. 2 ಎಕರೆ 20 ಗುಂಟೆಯನ್ನು 2.20 ಎಂದು ದಶಮಾಂಶವಾಗಿ ತುಂಬಬೇಡಿ. ಎಕರೆಗೆ 40 ಗುಂಟೆ, ಹಾಗಾಗಿ ಅದು ಎರಡೂವರೆ ಎಕರೆ. 2.20 ಮತ್ತು 1.30 ಕೂಡಿಸಿದರೆ ಕಂಪ್ಯೂಟರ್ 3.50 ಎನ್ನುತ್ತದೆ; ಸರಿಯಾದ ಉತ್ತರ 4 ಎಕರೆ 10 ಗುಂಟೆ. ಎಲ್ಲವನ್ನೂ ಗುಂಟೆಯಲ್ಲಿ ಇಡಿ. ಆಣೆಯೂ ಬೇಕಿದ್ದರೆ ಗುಂಟೆಗೆ 16 ಆಣೆಯ ಲೆಕ್ಕದಲ್ಲಿ ಆಣೆಯಲ್ಲೇ ಇಡಿ. ಎಕರೆ ಗುಂಟೆಯಾಗಿ ತೋರಿಸುವುದು ಪ್ರಿಂಟ್ ತೆಗೆಯುವಾಗಿನ ಕೆಲಸ.

ವ್ಯಕ್ತಿಗಳ ಟೇಬಲ್ ಬೇರೆಯಾಗಿರಬೇಕೆಂಬುದಕ್ಕೆ ರಾಜ್ಯದ ಅನುಭವವೇ ಸಾಕ್ಷಿ. ಭೂಮಿ ಯೋಜನೆ ಜಮೀನಿನ ಸುತ್ತ ಕಟ್ಟಿದ್ದು. ಪಹಣಿಯಲ್ಲಿರುವ ಹೆಸರು ಬರೀ ಅಕ್ಷರ. ಒಂದೇ ರೈತ ಒಂದು ಪಹಣಿಯಲ್ಲಿ 'ಎಚ್.ಎಸ್. ರಾಮೇಗೌಡ', ಇನ್ನೊಂದರಲ್ಲಿ 'ರಾಮೇಗೌಡ ಬಿನ್ ಸಣ್ಣೇಗೌಡ' ಎಂದಿದ್ದರೆ ಇಬ್ಬರೂ ಒಬ್ಬನೇ ಎಂದು ಹೇಳುವ ಕೊಂಡಿಯಿಲ್ಲ. ಯೋಜನೆಗಳ ಹಣ ರೈತನಿಗೆ ಹೋಗಬೇಕೇ ಹೊರತು ಸರ್ವೆ ನಂಬರಿಗಲ್ಲವಲ್ಲ. ಆ ಕೊರತೆಯನ್ನು ತುಂಬಲು ಬಂದದ್ದು ಫ್ರೂಟ್ಸ್ ತಂತ್ರಾಂಶ. ಅದು ರೈತನಿಗೊಂದು ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಕೊಟ್ಟು, ಆತನ ಜಮೀನುಗಳನ್ನೆಲ್ಲ ಅದಕ್ಕೆ ಜೋಡಿಸುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ 'ಎಫ್‌ಐಡಿ ಆಗಿದೆಯಾ?' ಎಂದು ಕೇಳುವುದು ವ್ಯಕ್ತಿ ಟೇಬಲಿನಲ್ಲಿ ನಿಮಗೊಂದು ಸಾಲು ಇದೆಯೇ ಎಂದೇ.

ತೆಂಗು, ತಂಬಾಕು, ಆಲೂಗಡ್ಡೆ

ಇಲ್ಲಿಯವರೆಗೆ ಉತ್ತರ ಸ್ಪಷ್ಟವಿತ್ತು. ನಿಜಕ್ಕೂ ತಲೆ ಕೆರೆದುಕೊಳ್ಳಬೇಕಾದ ಜಾಗ ಬೆಳೆ. ಚನ್ನರಾಯಪಟ್ಟಣದ ತೆಂಗಿಗೆ ಹಂಗಾಮಿಲ್ಲ, ಮರಗಳ ಎಣಿಕೆ ಬೇಕು, ವಯಸ್ಸು ಬೇಕು. ಹಾಸನದ ಸುತ್ತಿನ ಆಲೂಗಡ್ಡೆಗೆ ಬಿತ್ತನೆಯ ಬೀಜ ಎಲ್ಲಿಯದು ಎಂಬುದು ಮುಖ್ಯ. ಬಹುಪಾಲು ಪಂಜಾಬಿನಿಂದ ಬರುತ್ತದೆ, ರೋಗ ಬಂದ ವರ್ಷ ಮೊದಲು ಕೇಳುವ ಪ್ರಶ್ನೆಯೇ ಅದು. ಅರಕಲಗೂಡಿನ ವರ್ಜೀನಿಯಾ ತಂಬಾಕಿಗೆ ತಂಬಾಕು ಮಂಡಳಿಯ ನೋಂದಣಿ ಬೇಕು, ಬ್ಯಾರನ್ (ಎಲೆ ಹದಮಾಡುವ ಗೂಡು) ಲೈಸೆನ್ಸ್ ಬೇಕು, ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೇಲ್ ಲೆಕ್ಕದಲ್ಲಿ ಮಾರಾಟವಾದ ವಿವರ ಬೇಕು. ಇವೆಲ್ಲ ಬೆಳೆಗಳೇ, ಆದರೆ ಒಂದರ ಕಾಲಂ ಇನ್ನೊಂದಕ್ಕೆ ಬೇಡ.

ಒಂದೇ ಬೆಳೆ ಟೇಬಲಿನಲ್ಲಿ ಎಲ್ಲ ಕಾಲಂಗಳನ್ನೂ ಇಟ್ಟರೆ ರಾಗಿಯ ಸಾಲಿನಲ್ಲಿ ಬ್ಯಾರನ್ ನಂಬರ್ ಖಾಲಿ, ಮರದ ಸಂಖ್ಯೆ ಖಾಲಿ, ಬೀಜದ ಮೂಲ ಖಾಲಿ. ಖಾಲಿ ಇರುವುದೇ ದೊಡ್ಡ ದೋಷವೇನಲ್ಲ, ಜಾಗವೂ ಹೆಚ್ಚು ಹಿಡಿಯುವುದಿಲ್ಲ. ದೋಷವಿರುವುದು ಬೇರೆ ಕಡೆ: ತಂಬಾಕಿನ ಸಾಲಿಗೆ ಲೈಸೆನ್ಸ್ ನಂಬರ್ ಕಡ್ಡಾಯ ಎಂದು ಕಾಲಂಗೆ ನಿಯಮ ಹಾಕಲು ಹೋದರೆ ರಾಗಿಯ ಸಾಲೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. 'ಬೆಳೆ ತಂಬಾಕಾದರೆ ಮಾತ್ರ' ಎಂದು ಷರತ್ತಿನ ಚೆಕ್ ನಿರ್ಬಂಧ ಬರೆಯಬಹುದು. ಒಂದೆರಡಾದರೆ ಸರಿ, ಹತ್ತಾದರೆ ಯಾರಿಗೂ ಅರ್ಥವಾಗುವುದಿಲ್ಲ. ಇದಕ್ಕೆ ಬೆದರಿ ರಾಗಿಗೊಂದು, ಜೋಳಕ್ಕೊಂದು, ತೆಂಗಿಗೊಂದು ಟೇಬಲ್ ಎಂದು ಒಡೆದರೆ ಮತ್ತೆ ತಾಲ್ಲೂಕಿನ ಕಥೆಯೇ. ಒಟ್ಟು ಬಿತ್ತನೆ ಪ್ರದೇಶ ಎಷ್ಟೆಂದು ಕೇಳಿದಾಗ ಯೂನಿಯನ್ ಹೊಲಿಯುತ್ತಾ ಕೂರಬೇಕು.

ನನ್ನ ಆಯ್ಕೆ ನಡುದಾರಿ. ಯಾವ ಜಮೀನು, ಯಾವ ವರ್ಷ, ಯಾವ ಹಂಗಾಮು, ಯಾವ ಬೆಳೆ, ಎಷ್ಟು ಗುಂಟೆ ಎಂಬ ಎಲ್ಲ ಬೆಳೆಗೂ ಸಲ್ಲುವ ಮಾತುಗಳು ಒಂದೇ 'ಬೆಳೆ' ಟೇಬಲಿನಲ್ಲಿ. ತೆಂಗಿನ ಮರದ ಎಣಿಕೆಯಂಥ ಒಂದೆರಡು ಬಿಡಿ ಕಾಲಂ ಅಲ್ಲೇ ಇರಲಿ, ಖಾಲಿ ಬಿದ್ದರೆ ಬೀಳಲಿ. ತಂಬಾಕಿಗೆ ಮಾತ್ರ ಬೇರೆ ಟೇಬಲ್, ಬೆಳೆ ಟೇಬಲಿನ ಸಾಲಿಗೆ ಕೊಂಡಿ ಹಾಕಿ. ಏಕೆಂದರೆ ಅದಕ್ಕೆ ತನ್ನದೇ ಕಡ್ಡಾಯಗಳಿವೆ, ತನ್ನದೇ ಮರಿ ದಾಖಲೆಗಳಿವೆ. ಒಂದು ತಂಬಾಕು ಬೆಳೆಗೆ ಹತ್ತಾರು ಬೇಲ್‌ಗಳ ಹರಾಜಿನ ಸಾಲು ಬರುತ್ತದೆ. ಒಂದು ಬಗೆಯ ಬೆಳೆಗೆ ಅದರದೇ ನಿಯಮ, ಅದರದೇ ಮರಿ ಟೇಬಲ್ ಹುಟ್ಟಿಕೊಂಡಾಗ ಅದನ್ನು ಬೇರೆ ಮಾಡುವ ಕಾಲ ಬಂದಿದೆ ಎಂದರ್ಥ. ಬರೀ ಒಂದು ಕಾಲಂ ಹೆಚ್ಚಿದೆ ಎಂಬುದು ಕಾರಣವಲ್ಲ.

ಇದೇ ಹಂತದಲ್ಲಿ ಬುದ್ಧಿವಂತರು ಬೀಳುವ ಗುಂಡಿಯೊಂದಿದೆ. ಕಾಲಂಗಳೇ ಬೇಡ, 'ಗುಣದ ಹೆಸರು', 'ಗುಣದ ಮೌಲ್ಯ' ಎಂದು ಎರಡೇ ಕಾಲಂ ಇಟ್ಟು ಯಾವ ಬೆಳೆಗೆ ಏನು ಬೇಕೋ ಅದನ್ನು ಸಾಲುಸಾಲಾಗಿ ತುಂಬೋಣ ಎನ್ನುತ್ತಾರೆ. ಯಾವ ಹೊಸ ಬೆಳೆ ಬಂದರೂ ರಚನೆ ಬದಲಿಸಬೇಕಿಲ್ಲ, ನಿಜ. ಆದರೆ ಅಲ್ಲಿ ಸಂಖ್ಯೆ, ದಿನಾಂಕ, ಹೆಸರು ಎಲ್ಲವೂ ಅಕ್ಷರವಾಗಿಬಿಡುತ್ತದೆ. ಮರಗಳ ಸಂಖ್ಯೆಯ ಜಾಗದಲ್ಲಿ 'ಸುಮಾರು ಎಂಬತ್ತು' ಎಂದು ಬರೆದರೂ ತಡೆಯುವವರಿಲ್ಲ. ಒಂದು ಬೆಳೆಯ ಪೂರ್ತಿ ಚಿತ್ರ ಬೇಕಾದರೆ ಅದೇ ಟೇಬಲನ್ನು ಐದಾರು ಸಲ ತನಗೆ ತಾನೇ ಜಾಯಿನ್ ಮಾಡಬೇಕು. ಅಷ್ಟು ಸಡಿಲತೆ ಬೇಕೇಬೇಕೆಂದಿದ್ದರೆ ಪೋಸ್ಟ್‌ಗ್ರೆಎಸ್‌ಕ್ಯುಎಲ್‌ನಂಥ ಡೇಟಾಬೇಸಿನಲ್ಲಿ ಒಂದು ಜೇಸಾನ್ ಕಾಲಂ ಇಟ್ಟುಕೊಳ್ಳುವುದು ವಾಸಿ. ಮುಖ್ಯ ವಿವರಗಳಿಗಲ್ಲ, ಚಿಲ್ಲರೆ ಟಿಪ್ಪಣಿಗಳಿಗೆ.

ಒಡೆಯಲೇಬೇಕಾದ ಸಂದರ್ಭಗಳು

ಒಂದೇ ಬಗೆಯ ಸಾಲುಗಳನ್ನು ಎಂದೂ ಒಡೆಯಬಾರದೆಂದಲ್ಲ. ಭೂಮಿ ಯೋಜನೆಯೇ ಮೊದಲಿಗೆ ತಾಲ್ಲೂಕಿಗೊಂದರಂತೆ ನಡೆಯಿತು. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ಎನ್‌ಐಸಿ ಸಿದ್ಧಪಡಿಸಿದ ತಂತ್ರಾಂಶದೊಂದಿಗೆ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಅಂದಿನ 177 ತಾಲ್ಲೂಕು ಕಚೇರಿಗಳಲ್ಲೇ ಸರ್ವರ್ ಇಡಬೇಕಾಯಿತು. ಅರಕಲಗೂಡಿನ ಕಿಯೋಸ್ಕಿನಲ್ಲಿ ಕೌಂಟರ್ ಮುಂದೆ ನಿಂತ ರೈತನಿಗೆ 15 ರೂಪಾಯಿಗೆ ಪಹಣಿ ಕೊಡಲು ಬೆಂಗಳೂರಿನ ಸಂಪರ್ಕವನ್ನು ನೆಚ್ಚುವ ಸ್ಥಿತಿ ಆಗ ಇರಲಿಲ್ಲ. ಅದು ಸಂಪರ್ಕದ ಕಾರಣಕ್ಕೆ ಒಡೆದದ್ದು. 177 ಕಡೆಯೂ ರಚನೆ ಒಂದೇ ಆಗಿತ್ತು. ಸಂಪರ್ಕ ಸುಧಾರಿಸಿದ ಮೇಲೆ ಡೇಟಾ ಒಂದೆಡೆಗೆ ಬಂದದ್ದಕ್ಕೇ ಇಂದು ನೀವು ಹಾಸನದಲ್ಲಿ ಕೂತು ಚನ್ನರಾಯಪಟ್ಟಣದ ಪಹಣಿ ತೆಗೆಯಬಹುದು.

ಸಾಲುಗಳು ಹೆಚ್ಚಾದರೆ ನಿಧಾನವಾಗುತ್ತದೆ ಎಂಬುದು ಒಡೆಯಲು ಕೊಡುವ ಸಾಮಾನ್ಯ ಕಾರಣ. ನಾಲ್ಕು ತಾಲ್ಲೂಕಿನ ಮಟ್ಟಿಗೆ ಇದು ಸುಳ್ಳು ಭಯ. ಗ್ರಾಮ ಮತ್ತು ಸರ್ವೆ ನಂಬರಿಗೆ ಇಂಡೆಕ್ಸ್ ಇದ್ದರೆ ಕೋಟಿ ಸಾಲಿನ ಟೇಬಲಿನಲ್ಲೂ ಮೂರು ನಾಲ್ಕು ಮೆಟ್ಟಿಲಿನೊಳಗೆ ಬೇಕಾದ ಸಾಲು ಸಿಗುತ್ತದೆ. ಇಂಡೆಕ್ಸ್ ಹಾಕದೆ ಟೇಬಲ್ ಒಡೆದವರು ಮೂಲ ಕಾಯಿಲೆಗೆ ಮದ್ದು ಮಾಡಿಲ್ಲ. ನಿಜಕ್ಕೂ ದೊಡ್ಡದಾದ ಟೇಬಲಿಗೆ ಪಾರ್ಟಿಷನ್ ಎಂಬ ಸೌಲಭ್ಯವಿದೆ: ಹೊರಗೆ ಒಂದೇ ಟೇಬಲ್, ಒಳಗೆ ಡೇಟಾಬೇಸ್ ತಾನೇ ತಾಲ್ಲೂಕಿನ ಪ್ರಕಾರವೋ ವರ್ಷದ ಪ್ರಕಾರವೋ ತುಂಡು ಮಾಡಿಟ್ಟುಕೊಳ್ಳುತ್ತದೆ. ಪೋಸ್ಟ್‌ಗ್ರೆಎಸ್‌ಕ್ಯುಎಲ್‌ನಲ್ಲಿ 2017ರ ಹತ್ತನೇ ಆವೃತ್ತಿಯಿಂದ ಇದು ಸುಲಭವಾಯಿತು. ಮೈಎಸ್‌ಕ್ಯುಎಲ್‌ನಲ್ಲೂ ಇದೆ, ಆದರೆ ಅಲ್ಲಿ ಪಾರ್ಟಿಷನ್ ಮಾಡಿದ ಟೇಬಲಿಗೆ ಫಾರಿನ್ ಕೀ ಹಾಕಲು ಬರುವುದಿಲ್ಲ. ಆಯ್ಕೆ ಮಾಡುವ ಮುನ್ನ ಇದು ಗೊತ್ತಿರಲಿ.

ಅರಕಲಗೂಡಿನ ಸಿಬ್ಬಂದಿಗೆ ಹೊಳೆನರಸೀಪುರದ ದಾಖಲೆ ಕಾಣಬಾರದು, ಅದಕ್ಕೇ ಬೇರೆ ಟೇಬಲ್ ಮಾಡಿದ್ದೇವೆ ಎನ್ನುವವರಿದ್ದಾರೆ. ಅದಕ್ಕೂ ಒಡೆಯಬೇಕಿಲ್ಲ. ತಾಲ್ಲೂಕಿನ ಸಾಲುಗಳನ್ನಷ್ಟೇ ತೋರಿಸುವ ವ್ಯೂ ಮಾಡಿ ಆ ವ್ಯೂಗೆ ಮಾತ್ರ ಅನುಮತಿ ಕೊಟ್ಟರಾಯಿತು. ಬಳಕೆದಾರರಿಗೆ ತಕ್ಕಂತೆ ಸಾಲುಗಳನ್ನೇ ಮರೆಮಾಡುವ ರೋ ಲೆವೆಲ್ ಸೆಕ್ಯುರಿಟಿಯೂ ಇದೆ. ಆದರೆ ಗುಟ್ಟಿನ ಕಾಲಂಗಳ ವಿಷಯ ಬೇರೆ. ಆಧಾರ್ ಸಂಖ್ಯೆಯನ್ನು ವ್ಯಕ್ತಿಯ ಟೇಬಲಿನಲ್ಲಿ ಹೆಸರಿನ ಪಕ್ಕದಲ್ಲೇ ಇಡಕೂಡದು. 2017ರಲ್ಲಿ ಆಧಾರ್ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ ಆಧಾರ್ ಸಂಖ್ಯೆಗಳು ಪ್ರತ್ಯೇಕ ಡೇಟಾ ವಾಲ್ಟಿನಲ್ಲಿರಬೇಕು, ಉಳಿದ ಕಡೆ ಅದರ ಬದಲಿಗೆ ಒಂದು ಉಲ್ಲೇಖ ಸಂಖ್ಯೆ ಇರಬೇಕು. ಒಬ್ಬ ವ್ಯಕ್ತಿಗೆ ಒಂದೇ ಸಾಲು ಎಂಬ ಸಂಬಂಧವಿದ್ದರೂ ಎರಡು ಕಡೆ ಇಡಲು ಇದಕ್ಕಿಂತ ಗಟ್ಟಿ ಕಾರಣ ಬೇಡ.

ವರ್ಷಕ್ಕೊಂದು ಟೇಬಲ್ ಎಂಬುದು ತಾಲ್ಲೂಕಿಗೊಂದು ಟೇಬಲಿನ ತಮ್ಮ. 'ಬೆಳೆ_2023', 'ಬೆಳೆ_2024' ಎಂದು ಹುಟ್ಟಿಸುತ್ತಾ ಹೋದರೆ ಒಂದು ಜಮೀನಿನಲ್ಲಿ ಐದು ವರ್ಷದಿಂದ ಏನು ಬೆಳೆದರು ಎಂದು ಕೇಳುವುದೇ ಕಷ್ಟ. ವರ್ಷವೂ ಕಾಲಂ ಆಗಿರಲಿ. ಹಕ್ಕಿನ ಟೇಬಲಿನಲ್ಲೂ ಹಳೆಯ ಮಾಲೀಕರ ಹೆಸರನ್ನು ಅಳಿಸಿ ಹೊಸಬರದನ್ನು ಬರೆಯಬೇಡಿ. 'ಎಂದಿನಿಂದ', 'ಎಂದಿನವರೆಗೆ' ಎಂಬ ಎರಡು ದಿನಾಂಕ ಇಟ್ಟು ಹಳೆಯ ಸಾಲನ್ನು ಮುಚ್ಚಿ ಹೊಸ ಸಾಲು ತೆರೆಯಿರಿ. ಭಾಗದ ದಾವೆ ಬಂದಾಗ ನ್ಯಾಯಾಲಯ ಕೇಳುವುದು ಇಂದಿನ ಮಾಲೀಕರನ್ನಲ್ಲ, ಹಿಂದಿನ ಸರಣಿಯನ್ನು.

ಈಗಾಗಲೇ ನಾಲ್ಕು ಇದ್ದರೆ

ಮೊದಲು ನಾಲ್ಕು ಟೇಬಲಿನ ಕಾಲಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ 'ಫೋನ್', ಇನ್ನೊಂದರಲ್ಲಿ 'ಮೊಬೈಲ್', ಒಂದರಲ್ಲಿ ವಿಸ್ತೀರ್ಣ ಎಕರೆಯಲ್ಲಿ, ಇನ್ನೊಂದರಲ್ಲಿ ಗುಂಟೆಯಲ್ಲಿ ಇರುವುದು ಖಚಿತ. ಅವನ್ನು ಸರಿಮಾಡಿಕೊಂಡು ಹೊಸದಾಗಿ ಒಂದು ಟೇಬಲ್ ಮಾಡಿ, ಗ್ರಾಮ ಸಂಕೇತದ ಕಾಲಂ ಸೇರಿಸಿ, ಯುನೀಕ್ ನಿರ್ಬಂಧ ಮೊದಲೇ ಹಾಕಿ. ಆಮೇಲೆ ಒಂದೊಂದೇ ತಾಲ್ಲೂಕಿನ ಸಾಲುಗಳನ್ನು ಸುರಿಯಿರಿ. ನಿರ್ಬಂಧ ತಡೆದ ಸಾಲುಗಳೇ ನಿಮ್ಮ ಹಳೆಯ ನಕಲುಗಳು. ಅವನ್ನು ಕೈಯಾರೆ, ಪಹಣಿ ಮುಂದಿಟ್ಟುಕೊಂಡು ನೋಡಬೇಕು, ಬೇರೆ ದಾರಿಯಿಲ್ಲ. ಸುರಿದಾದ ಮೇಲೆ ಹಳೆಯ ಟೇಬಲಿನ ಹೆಸರುಗಳಲ್ಲೇ ನಾಲ್ಕು ವ್ಯೂ ಮಾಡಿಟ್ಟರೆ ಹಳೆಯ ವರದಿಗಳೂ ಪ್ರೋಗ್ರಾಮುಗಳೂ ಏನೂ ಆಗಿಲ್ಲವೆಂಬಂತೆ ಓಡುತ್ತವೆ. ಅವನ್ನು ನಿಧಾನವಾಗಿ ಬದಲಿಸಿಕೊಳ್ಳಬಹುದು.

ಮಾಲೀಕರು, ಬೆಳೆ, ಸಾಲವನ್ನು ಬೇರೆ ಬೇರೆ ಟೇಬಲಿಗೆ ಬಿಡಿಸಿದ ಮೇಲೂ ಆ ಆರು ಸಾಲಿನ ತೊಂದರೆ ಮತ್ತೆ ತಲೆ ಹಾಕಬಹುದು. ಜಮೀನಿಗೆ ಹಕ್ಕನ್ನೂ ಬೆಳೆಯನ್ನೂ ಒಂದೇ ಕ್ವೆರಿಯಲ್ಲಿ ಜಾಯಿನ್ ಮಾಡಿ ವಿಸ್ತೀರ್ಣ ಕೂಡಿಸಿದರೆ ಮತ್ತೆ 15 ಎಕರೆಯೇ ಬರುತ್ತದೆ. ವಿಸ್ತೀರ್ಣವನ್ನು ಜಮೀನಿನ ಟೇಬಲಿನಿಂದ ಮಾತ್ರ, ಸಾಲವನ್ನು ಋಣದ ಟೇಬಲಿನಿಂದ ಮಾತ್ರ ಕೂಡಿಸಿ, ಆಮೇಲೆ ಮೊತ್ತಗಳನ್ನು ಜೋಡಿಸಿ. ಹೋಬಳಿವಾರು ಒಟ್ಟು ವಿಸ್ತೀರ್ಣ ಹಳೆಯ ಶೀಟಿನದಕ್ಕೂ ಹೊಸ ಟೇಬಲಿನದಕ್ಕೂ ತಾಳೆಯಾಗದಿದ್ದರೆ ಹೊಸದನ್ನೇ ಅನುಮಾನಿಸಬೇಡಿ, ಹಳೆಯದೂ ತಪ್ಪಿರಬಹುದು. ಆಕಾರಬಂದ್ ತೆಗೆದು ನೋಡಿ. ಒಂದು ಮುಂಗಾರಿನ ಲೆಕ್ಕ ಎರಡೂ ಕಡೆ ಸರಿಹೊಂದುವವರೆಗೆ ಹಳೆಯ ಫೈಲನ್ನು ಅಳಿಸಬೇಡಿ.